ಹೃದಯಕ್ಕೂ ರಕ್ತ ಬೇಕು

ಹೃದಯವೊಂದು ಪಂಪು ಎಂದು ಶಾಲೆಯಲ್ಲೇ ಕೇಳಿದ್ದೇವೆ. ತೋಟಕ್ಕೆ ನೀರು ಹಾಯಿಸುವ ನಮಗೆ ಆ ಹೋಲಿಕೆ ಸುಲಭವಾಗಿ ತಲೆಗೆ ಹೋಗುತ್ತದೆ. ಆದರೆ ಎರಡು ಕಡೆ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಹೃದಯವಾದರೋ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬಲಗಡೆಯ ಮೇಲಿನ ಕೋಣೆಯಾದ ಬಲ ಹೃತ್ಕರ್ಣದ ಮೇಲ್ಭಾಗದ ಪುಟ್ಟ ಗಂಟೊಂದರಿಂದ ಪ್ರತಿ ಮಿಡಿತಕ್ಕೂ ವಿದ್ಯುತ್ತಿನ ಅಲೆ ಹೊರಡುತ್ತದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ 1907ರಲ್ಲಿ ಗುರುತಿಸಿದ್ದು ಈ ಗಂಟನ್ನೇ. ಅಲೆ ಮೊದಲು ಹೃತ್ಕರ್ಣಗಳನ್ನು ಹಿಂಡಿಸಿ, ನಡುವೆ ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಹೊತ್ತು ತಡೆದು, ಆಮೇಲೆ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಅವು ತುಂಬಿಕೊಳ್ಳಲು ಆ ತಡೆ ಬೇಕೇ ಬೇಕು. ಸುಮ್ಮನೆ ಕುಳಿತಿರುವಾಗ ಎಡ ಹೃತ್ಕುಕ್ಷಿ ಒಂದೊಂದು ಮಿಡಿತಕ್ಕೆ ಸುಮಾರು 70 ಮಿಲಿಲೀಟರ್, ಎಂದರೆ ನಿಮಿಷಕ್ಕೆ 5 ಲೀಟರಿನಷ್ಟು ರಕ್ತವನ್ನು ಮೈಗೆಲ್ಲ ದೂಡುತ್ತದೆ.

ಎರಡನೆಯ ವ್ಯತ್ಯಾಸವೇ ನನ್ನ ಮಾತಿನ ತಿರುಳು. ಇಷ್ಟು ರಕ್ತ ಒಳಗೇ ಹಾದುಹೋದರೂ ಹೃದಯಕ್ಕೆ ಅದನ್ನು ನೇರವಾಗಿ ಬಳಸಿಕೊಳ್ಳಲು ಬರುವುದಿಲ್ಲ. ಒಳಗಿನ ರಕ್ತ ಗೋಡೆಗೆ ಇಂಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಇಂಗುತ್ತದೆ, ಆದರೆ ತೀರಾ ಒಳಗಿನ ತೆಳು ಪದರಕ್ಕೆ ಮಾತ್ರ. ಎಡ ಹೃತ್ಕುಕ್ಷಿಯ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಅದಕ್ಕೆ ಆಮ್ಲಜನಕ ಬರುವುದು ಮಹಾಪಧಮನಿಯ ಬುಡದಲ್ಲಿ ಹೊರಟು ಹೊರಮೈಯಲ್ಲಿ ಹಬ್ಬಿದ ಎರಡು ಕೊರೊನರಿ ನಾಳಗಳಿಂದ. ಹಿಂಡುವಾಗ ಸ್ನಾಯು ತನ್ನೊಳಗಿನ ನಾಳಗಳನ್ನೂ ಅಮುಕುವುದರಿಂದ, ಎಡ ಹೃತ್ಕುಕ್ಷಿಗೆ ರಕ್ತ ಹೆಚ್ಚಾಗಿ ಸಿಗುವುದು ಸಡಿಲಗೊಂಡಾಗಲೇ. ನಾಡಿ ನಿಮಿಷಕ್ಕೆ 75 ಇದ್ದರೆ ಒಂದು ಮಿಡಿತಕ್ಕೆ 0.8 ಸೆಕೆಂಡು, ಅದರಲ್ಲಿ ಹೃತ್ಕುಕ್ಷಿ ಹಿಂಡುವುದು ಸುಮಾರು 0.3, ಬಿಡುವು 0.5. ನಾಡಿ ಏರಿದಾಗ ಹೆಚ್ಚು ಮೊಟಕಾಗುವುದು ಬಿಡುವೇ. ಕೊರೊನರಿ ನಾಳ ಕಿರಿದಾಗಿದ್ದರೆ, ಜಗಲಿಯಲ್ಲಿ ಆರಾಮವಾಗಿದ್ದವರಿಗೂ ಅಡಿಕೆ ಗೋಣಿ ಹೊತ್ತು ಗುಡ್ಡೆ ಹತ್ತುವಾಗ ಎದೆ ಬಿಗಿಯುವುದು ಇದಕ್ಕೇ: ಬೇಡಿಕೆ ಹೆಚ್ಚಿತು, ಕಿರಿದಾದ ನಾಳಕ್ಕೆ ಸಿಗುವ ಹೊತ್ತು ಕಡಿಮೆಯಾಯಿತು. ರಕ್ತ ಕಡಿಮೆಯಾದರೆ ಅದರಿಂದಲೇ ಹೆಚ್ಚು ಆಮ್ಲಜನಕ ಹೀರೋಣವೆಂದರೆ, ವಿಶ್ರಾಂತಿಯಲ್ಲೂ ಹೃದಯ ನೂರಕ್ಕೆ ಎಪ್ಪತ್ತರಷ್ಟನ್ನು ಆಗಲೇ ಹೀರಿಕೊಂಡಾಗಿರುತ್ತದೆ.

ಹಾಗಾಗಿ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿದರೆ ಅರ್ಧ ಗಂಟೆಯೊಳಗೇ ಸ್ನಾಯು ಸಾಯತೊಡಗುತ್ತದೆ. ಹೃದಯಾಘಾತವೆಂದರೆ ಇದೇ. ತಾಸು ಕಳೆದಂತೆ ಹಾನಿ ಹರಡುತ್ತದೆ. ನಮ್ಮ ಗುತ್ತಿಗಾರಿನಂಥ ಹಳ್ಳಿಗೆ ದೊಡ್ಡ ಆಸ್ಪತ್ರೆಗಿಂತ ಮೊದಲು ಬೇಕಾದದ್ದು ಹತ್ತಿರದಲ್ಲೊಂದು ಇಸಿಜಿ, ಎಂದರೆ ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಯಂತ್ರ ಎಂದು ನಾನು ವಾದಿಸುವುದು ಈ ಕಾರಣಕ್ಕೆ. ಮಂಗಳೂರು ಇಲ್ಲಿಂದ ಎರಡು ಗಂಟೆ ಮೀರಿದ ದಾರಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ತಜ್ಞರಿಗೆ ತಲುಪಿಸುವ ಕೆಲಸ ಶುರುಮಾಡಿದ್ದು ಈ ಅಂತರವನ್ನು ಕಂಡೇ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದು. ಹೆಪ್ಪು ಕರಗಿಸುವ ಚುಚ್ಚುಮದ್ದು ಅದರಲ್ಲಿ ಉಚಿತ. ಮುಚ್ಚಿದ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಪೇಟೆಯಲ್ಲೇ ಆಗಬೇಕಾದ ಮೇಲೆ ಇಲ್ಲಿ ಇಸಿಜಿ ಮಾಡಿ ಏನು ಲಾಭ ಎನ್ನುವವರಿದ್ದಾರೆ. ಯಾವ ಆಸ್ಪತ್ರೆಗೆ ಓಡಬೇಕು, ಚುಚ್ಚುಮದ್ದನ್ನು ಮೊದಲೇ ಕೊಡಬೇಕೇ ಎಂಬ ತೀರ್ಮಾನ ಆ ಕಾಗದದ ಗೆರೆಗಳಿಂದಲೇ ಆಗಬೇಕು. ಒಮ್ಮೆ ಸರಿಯಿದ್ದ ಇಸಿಜಿ ಹೃದಯಾಘಾತವನ್ನು ತಳ್ಳಿಹಾಕುವುದಿಲ್ಲ ಎಂಬ ಆಕ್ಷೇಪ ನಿಜವೇ. ಅದಕ್ಕೆ ಮತ್ತೊಮ್ಮೆ ಇಸಿಜಿಯೂ ರಕ್ತಪರೀಕ್ಷೆಯೂ ಬೇಕು. ಯಂತ್ರ ಬೇಡ ಎನ್ನಲು ಅದು ಕಾರಣವಾಗದು.

ಉಳಿದದ್ದು ಎದೆನೋವೆಂದರೆ 'ಬರೀ ಗ್ಯಾಸು' ಎಂಬ ನಂಬಿಕೆ. ಎಷ್ಟೋ ಸಲ ಅದು ಗ್ಯಾಸೇ ಇರುತ್ತದೆ. ಆದರೆ ಗ್ಯಾಸಿನಲ್ಲೂ ಹೃದಯಾಘಾತದಲ್ಲೂ ನೋವು ಒಂದೇ ಥರ ಇರಬಹುದು. ಜೀರಿಗೆ ಕಷಾಯ ಕುಡಿದು ಕಾಯುವಷ್ಟು ಹೊತ್ತು ಹೃದಯಸ್ನಾಯುವಿಗಿಲ್ಲ. ಎದೆ ಬಿಗಿತ, ತಣ್ಣನೆ ಬೆವರು, ತೋಳಿಗೋ ದವಡೆಗೋ ಹರಡುವ ನೋವು ಕಂಡರೆ ಬೈಕ್ ಹತ್ತಬೇಡಿ, ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಜಾಗಕ್ಕೆ ಹೋಗಿ.