ಬಾನೆಟ್ ಕೆಳಗಿನ ಎರಡನೇ ತೊಟ್ಟಿ

(ಕೃಷ್ಣರಾಜಪುರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಹೇಳಿಕೊಡುವ ಮೇಷ್ಟ್ರಿಗೆ ಕಾರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಬಿ.ಎಡ್. ತರಗತಿಯಲ್ಲಂತೂ ನನಗೆ ಇದನ್ನು ಯಾರೂ ಕಲಿಸಲಿಲ್ಲ. ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೇ ತರಗತಿ ಮುಗಿಸಿ ಟಿನ್ ಫ್ಯಾಕ್ಟರಿ ಕಡೆಯ ಒಂದು ಗ್ಯಾರೇಜಿನಲ್ಲಿ ಶಾಗಿರ್ದನಾಗಿ ಸೇರಿದ ಹುಡುಗ. ಒಂದು ಸಂಜೆ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಪುಟದ ಚಿತ್ರ ಹಿಡಿದುಕೊಂಡು ಮನೆಗೆ ಬಂದ. "ಸಾರ್, ಇದನ್ನು ಓದಿ ಅರ್ಥ ಹೇಳಿ. ಗಾಡಿ ಮೂರು ಸಲ ವಾಪಸ್ ಬಂದಿದೆ" ಎಂದ.

ಅದೊಂದು ಹೈಬ್ರಿಡ್ ಕಾರು. ನಮ್ಮ ಕಡೆಯ ಚಾಲಕರೊಬ್ಬರು ಸಾಲ ಮಾಡಿ ಕೊಂಡು ಟ್ಯಾಕ್ಸಿಗೆ ಬಿಟ್ಟಿದ್ದರು. ಸಂಜೆಯ ಟ್ರಾಫಿಕ್‌ನಲ್ಲಿ ತೂಗುಸೇತುವೆ ಹತ್ತುವಾಗ ಕೆಂಪು ದೀಪ ಬಂದು ಕಾರು ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗದಂತೆ ಓಡುತ್ತಿತ್ತು. ಉಸ್ತಾದರು ಮೊದಲ ಸಲ ರೇಡಿಯೇಟರ್‌ಗೆ ಕೂಲೆಂಟ್ ತುಂಬಿದರು. ಎರಡನೇ ಸಲ ಥರ್ಮೋಸ್ಟಾಟ್ ಬದಲಿಸಿದರು. ಮೂರನೇ ಸಲ, ದೊಡ್ಡ ಬ್ಯಾಟರಿಯೇ ಹೋಗಿದೆ ಎಂದು ಲಕ್ಷದ ಮಾತಾಡಿದರು. ಚಾಲಕರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರಂತೆ.

ಉಸ್ತಾದರದು ತಪ್ಪೆಂದು ನಾನು ಹೇಳಲಾರೆ. ಮೂವತ್ತು ವರ್ಷ ಅವರು ಕಿವಿಯಿಂದ ರಿಪೇರಿ ಮಾಡಿದವರು. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವವರು. ಆದರೆ ಹೈಬ್ರಿಡ್ ಕಾರು ನಿಧಾನ ಸಂಚಾರದಲ್ಲಿ ಎಂಜಿನ್ ಆರಿಸಿ ವಿದ್ಯುತ್ ಮೋಟರಿನಿಂದ ಓಡುತ್ತದೆ. ಕೇಳಲು ಸದ್ದೇ ಇಲ್ಲ! ಎಂಜಿನ್ ತಣ್ಣಗಿರುವಾಗಲೇ ಇನ್ವರ್ಟರ್ ಕಾದಿರಬಹುದು. ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಬೇಕಾದ ರೂಪಕ್ಕೆ ತಿರುಗಿಸುವ ಪೆಟ್ಟಿಗೆ ಅದು. ಅದಕ್ಕೆ ಎಂಜಿನ್‌ನದಲ್ಲದ ಬೇರೆಯೇ ಕೂಲೆಂಟ್, ಬೇರೆ ಸಣ್ಣ ತೊಟ್ಟಿ, ವಿದ್ಯುತ್ತಿನಿಂದ ತಿರುಗುವ ಬೇರೆ ಪಂಪ್ ಇರುತ್ತವೆ. ಉಸ್ತಾದರು ಮೂರು ಸಲವೂ ನೋಡಿದ್ದು ಮೊದಲನೇ ತೊಟ್ಟಿಯನ್ನು.

ಹುಡುಗ ತಂದ ಪುಟದಲ್ಲಿ ಇದ್ದದ್ದು ಪಿ0ಎ93 ಎಂಬ ಸಂಕೇತ. ನಿಘಂಟು ಇಟ್ಟುಕೊಂಡು ಇಬ್ಬರೂ ಓದಿದೆವು. ಇನ್ವರ್ಟರ್‌ನ ತಂಪು ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ಬ್ಯಾಟರಿಯ ಮಾತೇ ಅಲ್ಲಿರಲಿಲ್ಲ.

ಮರುದಿನ ಗಾಡಿ ಪೂರ್ತಿ ಆರಿದ ಮೇಲೆ ಸಣ್ಣ ತೊಟ್ಟಿಯ ಮುಚ್ಚಳ ತೆಗೆದು, ಕಾರನ್ನು ಚಾಲೂ ಸ್ಥಿತಿಗೆ ತಂದು ನೋಡಿದ. ಪಂಪ್ ಸರಿಯಿದ್ದರೆ ಹಲವು ಮಾದರಿಗಳಲ್ಲಿ ಕೂಲೆಂಟ್ ಸುಳಿಯುವುದು ಕಾಣುತ್ತದೆ. ಇಲ್ಲಿ ಕೆರೆಯ ನೀರಿನಂತೆ ನಿಂತಿತ್ತು. ಫ್ಯೂಸ್ ಸರಿಯಿತ್ತು. ಪಂಪಿನ ಕನೆಕ್ಟರ್‌ವರೆಗೆ 12 ವೋಲ್ಟ್ ಬರುತ್ತಿತ್ತು. ಪಂಪ್ ಮಾತ್ರ ತಿರುಗುತ್ತಿರಲಿಲ್ಲ, ಮೆಲ್ಲಗೆ ತಟ್ಟಿದರೆ ಒಂದಿಷ್ಟು ತಿರುಗಿ ಮತ್ತೆ ನಿಲ್ಲುತ್ತಿತ್ತು. ಪಂಪ್ ಬದಲಿಸಿದರು. ಅಷ್ಟೇ ಸಾಲದು. ಕೊಳವೆಯೊಳಗೆ ಉಳಿದ ಗಾಳಿಯನ್ನು ಗುಳ್ಳೆ ನಿಲ್ಲುವವರೆಗೆ ಹೊರಗೆ ಬಿಡಬೇಕು. ಇಲ್ಲವಾದರೆ ಹೊಸ ಪಂಪ್ ಕೂಡ ಬರೀ ಗಾಳಿ ತಿರುಗಿಸುತ್ತದೆ. ಇದು ನಮ್ಮ ಊರಿನ ವಿಚಿತ್ರವೂ ಅಲ್ಲ. ಪ್ರಿಯಸ್ ಕಾರಿನ ಇದೇ ಪಂಪಿನ ದೋಷಕ್ಕಾಗಿ ಟೊಯೋಟಾ ಕಂಪನಿ 2012ರಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು.

ಕೂಲೆಂಟ್ ಬದಲು ನಲ್ಲಿ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಕೃಷ್ಣರಾಜಪುರದ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನಿಮ್ಮ ತಾಯಂದಿರನ್ನು ಕೇಳಿ. ಅದೇ ಪೊರೆ ಇನ್ವರ್ಟರಿನ ಸಣ್ಣ ದಾರಿಗಳಲ್ಲೂ ಕಟ್ಟುತ್ತದೆ. ತಯಾರಕರು ಹೇಳಿದ ಕೂಲೆಂಟನ್ನೇ ಹಾಕಬೇಕು.

ಬ್ಯಾಟರಿಯ ತಂಪು ಇನ್ನೊಂದು ಬಗೆ. ಹಲವು ಮಾದರಿಗಳಲ್ಲಿ ಅದಕ್ಕೆ ನೀರಿಲ್ಲ. ಒಂದು ಸಣ್ಣ ಫ್ಯಾನು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಸೀಟಿನ ಪಕ್ಕದಲ್ಲೋ ಕೆಳಗೋ ಅದಕ್ಕೊಂದು ಜಾಲರಿ ಇರುತ್ತದೆ. ಚೀಲ ಒತ್ತಿಟ್ಟರೆ, ಹೊದಿಕೆ ಮುಚ್ಚಿದರೆ, ಹಳೇ ಮದ್ರಾಸ್ ರಸ್ತೆಯ ಧೂಳು ಮೆತ್ತಿಕೊಂಡರೆ ಬ್ಯಾಟರಿ ಉಸಿರುಕಟ್ಟುತ್ತದೆ. ಬ್ಯಾಟರಿ ಬದಲಿಸುವ ಮೊದಲು ಜಾಲರಿ ನೋಡಿ ಎಂದು ನಿಮ್ಮ ಮನೆಯಲ್ಲಿ ಟ್ಯಾಕ್ಸಿ ಓಡಿಸುವವರಿಗೆ ಹೇಳಿ.

ಈಗ ನನಗೆ ನಿದ್ದೆಗೆಡಿಸಿದ ಮಾತು. ಎರಡನೇ ತಲೆಮಾರಿನ ಪ್ರಿಯಸ್ ಬ್ಯಾಟರಿ 201.6 ವೋಲ್ಟ್. ಇನ್ವರ್ಟರ್ ಅದನ್ನು 500 ವೋಲ್ಟ್‌ವರೆಗೆ ಏರಿಸುತ್ತದೆ. ಮನೆಯ ಕರೆಂಟು 230. ಪಂಪ್ 12 ವೋಲ್ಟಿನದೇ ಆದರೂ ಅದರ ಆಸುಪಾಸಿನಲ್ಲೇ ಕಿತ್ತಳೆ ಬಣ್ಣದ ತಂತಿಗಳಿರುತ್ತವೆ. ಅವುಗಳ ಹತ್ತಿರ ಕೈ ಹಾಕುವ ಮೊದಲು ಕಾರು ಆರಿಸಿ ಕೀಲಿ ದೂರ ಇಡಬೇಕು. ಸಣ್ಣ ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. 1000 ವೋಲ್ಟ್ ತಡೆಯುವ ಕೈಗವಸು ತೊಟ್ಟು ಸರ್ವಿಸ್ ಪ್ಲಗ್ ಕಿತ್ತು, ಬೇರೆಯವರು ತಿರುಗಿ ಹಾಕದಂತೆ ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಆಮೇಲೂ ಹತ್ತು ನಿಮಿಷ ಕಾಯಬೇಕು, ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. ಕೊನೆಗೆ ಮೀಟರ್ ಹಿಡಿದು ಸೊನ್ನೆ ಎಂದು ಖಚಿತ ಮಾಡಿಕೊಳ್ಳಬೇಕು. ನಮ್ಮ ಹುಡುಗನಿಗೆ ಮೊದಲು ಕೊಟ್ಟಿದ್ದು ಒಂದು ಪಾನಾ, ಒಂದು ಬಟ್ಟೆ ತುಂಡು. ಕೈಗವಸು ಬಂದದ್ದು ಆ ಪುಟವನ್ನು ಉಸ್ತಾದರಿಗೆ ಓದಿ ಹೇಳಿದ ಮೇಲೆ.

ಈ ಕಾರುಗಳು ದೂರದಿಂದ ಬಂದವಲ್ಲ. ನಮ್ಮ ಬಿಡದಿಯಲ್ಲೇ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಿಸಲಾಯಿತು, 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್ ಬಂದವು. ಹತ್ತನೇ ತರಗತಿ ಮುಗಿಸಿದವರಿಗಾಗಿ ಅಲ್ಲಿ 2007ರಲ್ಲಿ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯೂ ಆರಂಭವಾಯಿತು. ಗ್ಯಾರೇಜಿಗೆ ಹೋಗುವವನಿಗೆ ಓದೇಕೆ ಎಂದು ಎಂಟನೇ ತರಗತಿಗೇ ಮಗನನ್ನು ಬಿಡಿಸಲು ಬರುವ ತಂದೆಯರಿಗೆ ನಾನು ಈ ಪಂಪಿನ ಕಥೆಯನ್ನೇ ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ.

ಆ ಪುಟವನ್ನು ನಾವಿಬ್ಬರೂ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇವೆ. ಇನ್ವರ್ಟರ್‌ಗೆ ಎರಡೂ ಭಾಷೆಯಲ್ಲಿ ಒಳ್ಳೆಯ ಪದ ಸಿಗದೆ ಹಾಗೆಯೇ ಬಿಟ್ಟೆವು. ಉಸ್ತಾದರಿಗೆ ಓದಲು ಬಾರದು. ಹೈಬ್ರಿಡ್ ಗಾಡಿ ಬಂದರೆ ಬಾನೆಟ್ ಎತ್ತುವ ಮೊದಲು "ಪಢ್ ಬೇಟಾ" ಎನ್ನುತ್ತಾರೆ. ಹುಡುಗ ಗಟ್ಟಿಯಾಗಿ ಓದುತ್ತಾನೆ, ಅವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ.