ಊರಿನ ಅಧಿಕಾರ ಊರಿಗೇ ಬರಲಿ



1956ರಲ್ಲಿ ನಾಡು ಒಂದಾಯಿತು. ಒಂದಾದ ನಾಡಿನಲ್ಲಿ ಊರಿನ ಕೈಗೆ ಅಧಿಕಾರವೆಷ್ಟು ಬಂದಿತೆಂಬುದೇ ಇಂದಿನ ಪ್ರಶ್ನೆಯು.

ಕುಡಿಯುವ ನೀರು, ರಸ್ತೆ, ಪ್ರಾಥಮಿಕ ಶಿಕ್ಷಣ ಮೊದಲಾದ 29 ವಿಷಯಗಳನ್ನು ಪಂಚಾಯತಿಗಳಿಗೆ ವಹಿಸಬಹುದೆಂದು 1992ರ ಸಂವಿಧಾನ ತಿದ್ದುಪಡಿಯು ಹೇಳಿತು. 1993ರಲ್ಲಿ ಕರ್ನಾಟಕವು ಅದಕ್ಕೆ ತಕ್ಕ ಕಾನೂನನ್ನು ಮಾಡಿತು. ಆದರೆ ಕೆಲಸ ಒಪ್ಪಿಸಿ ಕೈ ಕಟ್ಟಿದರೆ ಫಲವೇನು? ನೀರು ಬಿಡುವವನನ್ನು ನೇಮಿಸಬೇಕಾದರೂ ಗ್ರಾಮ ಪಂಚಾಯತಿಗೆ ಮೇಲಧಿಕಾರಿಯ ಅನುಮತಿ ಬೇಕು. ಹೊಲವನ್ನು ಬಿನ್‌ಶೇತಕಿ ಮಾಡುವ ಅಪ್ಪಣೆಯನ್ನು 1964ರ ಭೂಕಂದಾಯ ಕಾನೂನು ಜಿಲ್ಲಾಧಿಕಾರಿಗಳಿಗೆ ಕೊಟ್ಟಿತು. ಮನೆಗಳೆದ್ದ ಮೇಲೆ ಗಟಾರ, ದೀಪ, ನಳಗಳ ಭಾರ ಮಾತ್ರ ಊರಿನದು! 2021ರಲ್ಲಿ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ ತೀರಿದ ಮೇಲಂತೂ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಕಾರಭಾರ ನಡೆಯಿಸಿದರು.

ಆದರೆ ಅಧಿಕಾರಿಗಳನ್ನು ದೂರಿದರಷ್ಟೇ ಸಾಲದು. ಗ್ರಾಮಸಭೆ ಕರೆದಾಗ ನಮ್ಮಲ್ಲಿ ಎಷ್ಟು ಜನ ಹೋಗುವೆವು? ಶಿಕ್ಷಕ ಬಂಧುಗಳೇ, ಪಂಚಾಯತಿಯ ಠರಾವುಗಳನ್ನು ಓದಿ ಜನರಿಗೆ ತಿಳಿಯಹೇಳಿರಿ. ಹೊಲವು ನಿವೇಶನವಾಗುವ ಮೊದಲು ಗ್ರಾಮಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ಎಲ್ಲರೂ ಒಕ್ಕೊರಲಿನಿಂದ ಆಗ್ರಹಿಸೋಣ. ಕೇಳದವನ ಮನೆಗೆ ಹಕ್ಕು ತಾನಾಗಿ ನಡೆದು ಬರುವದಿಲ್ಲ.