ಧರೆ ಕಡಿಯುವ ಮುನ್ನ ಮೇಲಿನ ಮನೆಯನ್ನೊಮ್ಮೆ ನೋಡಿ

(ಜುಮಾ ಪ್ರವಚನದ ಸಾರಾಂಶ, ಮೇಗುಂದ)



ಮಳೆಗಾಲಕ್ಕೆ ಇನ್ನು ಕೆಲವೇ ವಾರ. ಜಯಪುರದಿಂದ ಬಸರೀಕಟ್ಟೆಯ ತನಕ ಯಾವ ಕೇರಿಗೆ ಹೋದರೂ ಯಾರಾದರೊಬ್ಬರು ಮಾಡಿನ ಮೇಲಿದ್ದಾರೆ. ಹೆಂಚು ಕೈಯಾಡಿಸುತ್ತಿದ್ದಾರೆ, ಒರಲೆ ತಿಂದ ರೀಪು ಬದಲಿಸುತ್ತಿದ್ದಾರೆ, ಸೋರುವ ಟೆರೇಸಿಗೆ ಶೀಟು ಹೊದಿಸುತ್ತಿದ್ದಾರೆ. ಮೇಸ್ತ್ರಿಗಳಂತೂ ಒಂದು ಮನೆಯಲ್ಲಿ ಗಾರೆ ಕಲಸಿಟ್ಟು ಇನ್ನೊಂದು ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾರೆ!

ಪಕ್ಕದಲ್ಲಿ ಮನೆ ಏಳುವಾಗ ಧೂಳು ಬರುತ್ತದೆ, ಕಟರ್ ಮೆಷಿನ್ನಿನ ಸದ್ದು ಕೇಳುತ್ತದೆ, ದಾರಿಯಲ್ಲಿ ಜಲ್ಲಿ ಬೀಳುತ್ತದೆ. ಇದನ್ನು ಸಹಿಸಬೇಕು. ನಮ್ಮ ಮನೆ ಕಟ್ಟುವಾಗ ಅವರೂ ಸಹಿಸಿದ್ದರು. ನೆರೆಯವನು ತೊಲೆ ಊರಲು ನಮ್ಮ ಗೋಡೆಯನ್ನು ಕೇಳಿದರೆ ಬೇಡವೆನ್ನಬಾರದೆಂದು ಪ್ರವಾದಿ(ಸ) ಕಲಿಸಿದ್ದನ್ನು ಅಬೂಹುರೈರಾ(ರ) ವರದಿ ಮಾಡಿದ್ದಾರೆ, ಬುಖಾರಿಯಲ್ಲಿದೆ. ಇಷ್ಟು ಸಣ್ಣ ವಿಷಯದಲ್ಲೂ ಬಿಟ್ಟುಕೊಡಲು ಹೇಳಿದ ದೀನ್ ನಮ್ಮದು.

ಧರೆಯ ವಿಷಯ ಮಾತ್ರ ಬೇರೆ. ಅದು ಸಹಿಸಿಕೊಂಡು ಹೋಗುವ ತೊಂದರೆಯಲ್ಲ, ಜೀವಕ್ಕೇ ಬರುವ ಅಪಾಯ. ನಮ್ಮ ಕಡೆ ಸಮತಟ್ಟಾದ ಜಾಗವೆಲ್ಲಿದೆ? ಗುಡ್ಡ ಕಡಿದೇ ಮನೆ ಕಟ್ಟಬೇಕು. ಹಿಂದೆ ಹಾರೆ, ಪಿಕಾಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕಡಿಯುತ್ತಿದ್ದರು. ಈಗ ಜೆಸಿಬಿ ಬೆಳಿಗ್ಗೆ ಬಂದರೆ ಸಂಜೆಯೊಳಗೆ ಹದಿನೈದು ಅಡಿಯ ಧರೆ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಬೇಸಿಗೆಯಲ್ಲಿ ಅದು ಕಲ್ಲಿನಷ್ಟು ಗಟ್ಟಿ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ನೀರು ಮಣ್ಣಿನೊಳಗೆ ಇಳಿಯುತ್ತದೆ, ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ತಪ್ಪುತ್ತದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದಿದ್ದ ಗುಡ್ಡ 2024ರ ಜುಲೈ 16ರಂದು ಕುಸಿದು ಎಷ್ಟು ಜೀವ ತೆಗೆದುಕೊಂಡು ಹೋಯಿತೆಂದು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ.

ಇಂಥದ್ದೇ ಒಂದು ವಿಷಯ ನಮ್ಮ ಜಮಾಅತಿನ ಕಮಿಟಿಗೆ ಬಂದಿದೆ. ಇಬ್ಬರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಬೇಡ. ಕೆಳಗಿನ ಜಾಗದಲ್ಲಿ ನಮ್ಮ ಸಹೋದರನೊಬ್ಬ ಸಾಲ ಮಾಡಿ ಮನೆ ಕಟ್ಟಿಸುತ್ತಿದ್ದಾನೆ. ಮೇಲಿನದು ಮಣ್ಣಿನ ಗೋಡೆಯ ಹಳೆಯ ಹೆಂಚಿನ ಮನೆ. ಅಲ್ಲಿರುವ ಅಮ್ಮ ನಮ್ಮ ಧರ್ಮದವರಲ್ಲ, ಒಂಟಿ, ಮಗ ಬೆಂಗಳೂರಿನಲ್ಲಿದ್ದಾನೆ. ಧರೆ ಕಡಿದ ಮೂರನೇ ದಿನ ಅವರ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿದೆ. ಅವರು ಠಾಣೆಗೆ ಹೋಗಲಿಲ್ಲ, ಮಸೀದಿಗೆ ಬಂದರು. “ಗುರುಗಳೇ, ಅವನ ಮನೆ ಆಗಲಿ, ನನ್ನದು ನಿಲ್ಲಲಿ, ಅಷ್ಟೇ ಕೇಳ್ತಿರೋದು” ಎಂದರು.

ಸಹೋದರನ ವಾದವೂ ಸುಳ್ಳಲ್ಲ. ಸರ್ವೆ ಆಗಿದೆ, ಪಂಚಾಯಿತಿಯ ಪರವಾನಗಿ ಇದೆ, ಬೇಲಿಯನ್ನು ಒಂದು ಇಂಚೂ ದಾಟಿಲ್ಲ. ಪರರ ಒಂದು ಗೇಣು ನೆಲ ಕಬಳಿಸಿದವನಿಗೆ ಏಳು ಭೂಮಿಗಳ ಹೊರೆಯಿದೆ ಎಂಬ ಹದೀಸಿಗೆ ಹೆದರಿಯೇ ಅಳತೆ ಮಾಡಿಸಿದ್ದಾನೆ. ಆದರೆ ಸ್ವಂತ ನೆಲದಲ್ಲಿ ನಿಂತುಕೊಂಡೂ ಇನ್ನೊಬ್ಬರಿಗೆ ಹಾನಿ ಮಾಡಲು ಸಾಧ್ಯ. ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬ ಪ್ರವಾದಿ(ಸ)ರ ಬೋಧನೆಯ ಮೇಲೆ ಫುಕಹಾಗಳು ದೊಡ್ಡ ಅಧ್ಯಾಯಗಳನ್ನೇ ಕಟ್ಟಿದ್ದಾರೆ. ಹನಫಿ ಫಿಕ್ಹ್‌ನ ಆಧಾರದಲ್ಲಿ ತುರ್ಕಿಯ ಉಸ್ಮಾನಿಯಾ ಆಡಳಿತ 1876ರಲ್ಲಿ ಪೂರ್ಣಗೊಳಿಸಿದ ‘ಮಜಲ್ಲಾ’ ಎಂಬ ಕಾನೂನು ಸಂಹಿತೆ ಇದನ್ನು ಬಿಡಿಸಿ ಹೇಳುತ್ತದೆ. ತನ್ನ ಸೊತ್ತನ್ನು ಮನಬಂದಂತೆ ಬಳಸಬಹುದು, ಆದರೆ ನೆರೆಯವನ ಕಟ್ಟಡ ದುರ್ಬಲವಾಗುವ, ಬೀಳುವ ಹಾಗಿದ್ದರೆ ತಡೆಯಬಹುದು. ನೆರೆಮನೆಯ ಅಡುಗೆಮನೆ, ಬಾವಿಕಟ್ಟೆಯಂಥ ಹೆಂಗಸರ ಓಡಾಟದ ಜಾಗ ಕಾಣುವಂತೆ ಕಿಟಕಿ ಇಡುವುದನ್ನೂ ಅದು ದೊಡ್ಡ ಹಾನಿಯ ಲೆಕ್ಕಕ್ಕೇ ಸೇರಿಸಿದೆ. ಮಹಡಿ ಏರಿಸುತ್ತಿರುವವರು ಗಮನಿಸಿ. ನಮ್ಮ ದೇಶದ 1882ರ ಈಸ್‌ಮೆಂಟ್ ಕಾಯ್ದೆ ಕೂಡ ಪಕ್ಕದ ಮಣ್ಣಿನ ಆಸರೆ ಪಡೆಯುವುದನ್ನು ಒಂದು ಹಕ್ಕೆಂದೇ ಗುರುತಿಸಿದೆ.

ನೆರೆಯವರು ಬೇರೆ ಧರ್ಮದವರಾದರೆ? ಸೂರಾ ಅನ್ನಿಸಾದ 36ನೇ ಆಯತ್ ಸಂಬಂಧಿಕ ನೆರೆಯವರ ಜೊತೆಗೇ ಅಪರಿಚಿತ ನೆರೆಯವರನ್ನೂ ಹೇಳಿದೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಇನ್ನು ಮಾಡಿನ ನೀರು. ಮೇಲಿನ ಮನೆಯ ಹಿಂಬದಿಯ ನೀರೆಲ್ಲ ನೇರವಾಗಿ ಧರೆಯ ತಲೆಗೇ ಬೀಳುತ್ತಿದೆ. ಆ ಅಮ್ಮನೇ ಇದನ್ನು ಒಪ್ಪಿಕೊಂಡರು. ಮದೀನಾದಲ್ಲೂ ಇಂಥ ನೀರಿನ ಪ್ರಕರಣವೊಂದು ನಡೆದಿತ್ತು, ಮುಸ್ನದ್ ಅಹ್ಮದ್‌ನಲ್ಲಿದೆ. ಹ. ಉಮರ್(ರ) ಖಲೀಫರಾಗಿದ್ದಾಗ ಒಂದು ಜುಮಾ ದಿನ ಶುಭ್ರ ಬಟ್ಟೆ ತೊಟ್ಟು ಹೋಗುತ್ತಿದ್ದರು. ಹ. ಅಬ್ಬಾಸ್(ರ)ರ ಮಾಡಿನ ದಂಬೆಯಿಂದ ಕೋಳಿಯ ರಕ್ತ ಬೆರೆತ ನೀರು ಮೈಮೇಲೆ ಸುರಿಯಿತು. ದಂಬೆ ಕೀಳಿಸಿದರು, ಮನೆಗೆ ಹೋಗಿ ಬಟ್ಟೆ ಬದಲಿಸಿ ಬಂದು ನಮಾಝ್ ಮಾಡಿಸಿದರು. ಆಮೇಲೆ ಅಬ್ಬಾಸ್(ರ) ಬಂದು, ಆ ದಂಬೆಯನ್ನು ಅಲ್ಲಿ ಇಟ್ಟವರು ಸ್ವತಃ ಪ್ರವಾದಿ(ಸ) ಎಂದರು. ಉಮರ್(ರ) ವಾದ ಮಾಡಲಿಲ್ಲ. ತನ್ನ ಬೆನ್ನಿನ ಮೇಲೆ ಹತ್ತಿ ನಿಂತು ಅದನ್ನು ಅದೇ ಜಾಗದಲ್ಲಿ ಇಡಬೇಕೆಂದು ಅಬ್ಬಾಸರಿಗೆ ಆಣೆ ಹಾಕಿದರು. ಕೀಳಿಸಿದ ಖಲೀಫರೇ ಏಣಿಯಾದರು.

ಈಗ ಆಗಿರುವ ತೀರ್ಮಾನ ಇಷ್ಟು. ಸಹೋದರ ಮನೆಯ ನೆಲಕ್ಕೆ ಗ್ರಾನೈಟ್ ಹಾಕುವುದನ್ನು ಮುಂದಕ್ಕೆ ಹಾಕಿ ಮೊದಲು ತಡೆಗೋಡೆ ಕಟ್ಟಿಸುತ್ತಾನೆ. ಗೋಡೆಯ ಹಿಂದೆ ಕಲ್ಲುಚೂರು ತುಂಬಿ, ನೀರು ಹೊರಬರಲು ಅಲ್ಲಲ್ಲಿ ಪೈಪಿನ ತುಂಡು ಇಡಬೇಕು. ಅದಿಲ್ಲದಿದ್ದರೆ ನಿಂತ ನೀರು ಗೋಡೆಯನ್ನೇ ದೂಡುತ್ತದೆ. ಮೇಲಿನ ಅಮ್ಮ ಮಾಡಿನ ನೀರನ್ನು ಪೈಪಿನಲ್ಲಿ ರಸ್ತೆಯ ಚರಂಡಿಗೆ ಬಿಡಿಸುತ್ತಾರೆ. ಅವರ ಬಿರುಕು ಬಿಟ್ಟ ಗೋಡೆಯ ರಿಪೇರಿ ಖರ್ಚು ಕಡಿದವನದ್ದು. ಅವನು ಇದನ್ನು ಕಮಿಟಿಯ ಮುಂದೆ ಒಪ್ಪಿಕೊಂಡಿದ್ದಾನೆ. ಅಲ್ಲಾಹನು ಅವನ ಸಾಲವನ್ನು ಹಗುರ ಮಾಡಲಿ.

ಮಳೆ ಬರುವುದರೊಳಗೆ ತಡೆಗೋಡೆ ಪೂರ್ತಿಯಾಗುವುದು ಕಷ್ಟ. ಅಲ್ಲಿಯವರೆಗೆ ಧರೆಯ ಬುಡಕ್ಕೆ ಮಣ್ಣಿನ ಚೀಲ ಪೇರಿಸಬೇಕು, ಮೇಲಿಂದ ಟಾರ್ಪಾಲು ಹೊದಿಸಬೇಕು, ತಲೆಯ ಭಾಗದಲ್ಲಿ ನೀರು ಹರಿದುಹೋಗಲು ಕಣಿ ತೆಗೆಯಬೇಕು. ಭಾನುವಾರ ಫಜ್ರ್ ನಮಾಝಿನ ನಂತರ ಎಲ್ಲರೂ ಸೇರಿ ಈ ಕೆಲಸ ಮಾಡುವುದೆಂದು ನಿಶ್ಚಯವಾಗಿದೆ. ಖಾಲಿ ಸಿಮೆಂಟ್ ಚೀಲ ಇರುವವರು ತನ್ನಿ, ಹಾರೆ ಇರುವವರು ಹಾರೆ ತನ್ನಿ. ತಿಂಡಿಯನ್ನು ಮೇಲಿನ ಮನೆಯ ಅಮ್ಮನೇ ಮಾಡಿಕೊಡುತ್ತಾರಂತೆ.